ನಾಲ್ಕು ಬಾತು ಸಾಕು, ಮೊದಲು ಗೂಡು ಕಟ್ಟಿ



ಬೆಳಿಗ್ಗೆ ಸಂಘದಲ್ಲಿ ಹಾಲಿನ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಾಗ ಈಚೆಗೆ ವಾರಕ್ಕೊಬ್ಬರಾದರೂ ಕೇಳುತ್ತಾರೆ: “ನಿಮ್ಮ ಹಟ್ಟಿ ಹತ್ತಿರ ಓಡಾಡುವ ಆ ಕೆಂಪು ಮುಖದ ಬಾತು ಯಾವ ಜಾತಿ? ನೊಣ ಹಿಡಿದು ತಿನ್ನುತ್ತದಂತೆ, ಹೌದಾ? ನಮಗೂ ಎರಡು ಮರಿ ಕೊಡಿ ಮಾರಾಯ್ರೆ.” ನನ್ನ ಉತ್ತರ ಯಾವಾಗಲೂ ಒಂದೇ. “ಕೊಡುತ್ತೇನೆ. ಮೊದಲು ಗೂಡು ಕಟ್ಟಿ, ಆಮೇಲೆ ಬನ್ನಿ.” ಕೆಲವರಿಗೆ ಇದು ಬೇಸರ ತರಿಸಿದೆ. ಹಾಗೆ ಯಾಕೆ ಹೇಳುತ್ತೇನೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಇದು ಮಸ್ಕೋವಿ ಬಾತುಕೋಳಿ. ಮೂಲ ಮಧ್ಯ ಮತ್ತು ದಕ್ಷಿಣ ಅಮೆರಿಕ. ನಾವು ನೋಡುವ ಉಳಿದ ಸಾಕು ಬಾತುಗಳ ವಂಶವೇ ಬೇರೆ, ಇದರದ್ದೇ ಬೇರೆ. ಕಾಡಿನಲ್ಲಿ ಮರದ ಮೇಲೆ ಕೂರುವ ಹಕ್ಕಿಯಾದ್ದರಿಂದ ಕಾಲಿನಲ್ಲಿ ಚೂಪಾದ ಉಗುರಿದೆ. ಹೆಣ್ಣು ಚೆನ್ನಾಗಿ ಹಾರುತ್ತದೆ. ಬೇರೆ ಬಾತುಗಳ ಹಾಗೆ ಗಲಾಟೆ ಮಾಡುವುದಿಲ್ಲ. ಗಂಡು ಬುಸುಗುಟ್ಟುತ್ತದೆ, ಅಷ್ಟೆ. ಇದಕ್ಕೆ ಕೆರೆ ಬೇಕಾಗಿಲ್ಲ. ತಲೆ, ಕಣ್ಣು ಮುಳುಗಿಸಿ ತೊಳೆದುಕೊಳ್ಳುವಷ್ಟು ಆಳದ ಒಂದು ಟಬ್ಬು ಇದ್ದರೆ ನಡೆಯುತ್ತದೆ.

ನೊಣದ ಮಾತು ಸುಳ್ಳಲ್ಲ. ಕೆನಡಾದ ಒಂಟಾರಿಯೊದಲ್ಲಿ ಇಬ್ಬರು ಸಂಶೋಧಕರು ಮಸ್ಕೋವಿ ಬಾತುಗಳನ್ನು ಬಿಟ್ಟು ನೊಣದ ಪರೀಕ್ಷೆ ಮಾಡಿ 1990ರಲ್ಲಿ ಅದನ್ನು ಪ್ರಕಟಿಸಿದ್ದಾರೆ. ಬಾತು ಇದ್ದ ಕಡೆ ನೊಣ ಬಹಳ ಕಡಿಮೆಯಾಯಿತು. ನಮ್ಮ ಹಟ್ಟಿಯಲ್ಲೂ ನೋಡುತ್ತಿದ್ದೇನೆ. ಕರು ಮಲಗಿದ್ದರೆ ಬಾತು ಅದರ ಬಳಿ ಮೆಲ್ಲಗೆ ಹೋಗಿ, ಕುತ್ತಿಗೆ ಚಾಚಿ, ಮೈಮೇಲೆ ಕೂತ ನೊಣವನ್ನು ಟಪಕ್ಕೆಂದು ಹಿಡಿಯುತ್ತದೆ. ಕರು ಮಿಸುಕುವುದೂ ಇಲ್ಲ. ನೊಣ ಕೆಚ್ಚಲು ಬಾವಿನ ರೋಗಾಣುಗಳನ್ನು ಒಂದು ಹಸುವಿನಿಂದ ಇನ್ನೊಂದಕ್ಕೆ ಸಾಗಿಸಬಲ್ಲದು ಎಂದು ತಿಳಿದವರಿಗೆ ಇದರ ಬೆಲೆ ಗೊತ್ತು. ತೋಟದ ಬಸಿಗಾಲುವೆಯಲ್ಲಿರುವ ಸಣ್ಣ ಬಸವನಹುಳುಗಳನ್ನೂ ಬಾತು ಬಿಡುವುದಿಲ್ಲ. ದನಗಳಿಗೆ ತಗಲುವ ಲಿವರ್ ಫ್ಲೂಕ್ ಎಂಬ ಚಪ್ಪಟೆ ಹುಳು ಬೆಳೆಯುವುದು ಅಂಥ ನೀರು ಬಸವನಹುಳುವಿನ ಹೊಟ್ಟೆಯಲ್ಲೇ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯ ಹೇಳುತ್ತೇನೆ. ಬಾತು ಸಾಕಿ, ಆದರೆ ಅದನ್ನು ಹಟ್ಟಿ ಗುಡಿಸುವ ಆಳು ಎಂದುಕೊಳ್ಳಬೇಡಿ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯೊಂದು ಹಾರುವ ನೊಣವಾಗಲು ಏಳರಿಂದ ಹತ್ತು ದಿನ ಸಾಕು. ಸೆಗಣಿ ಅಷ್ಟು ದಿನ ಬಿದ್ದಿದ್ದರೆ ನಾಲ್ಕಲ್ಲ, ನಲವತ್ತು ಬಾತು ತಂದರೂ ನೊಣ ಮುಗಿಯುವುದಿಲ್ಲ. ಹಟ್ಟಿ ಚೊಕ್ಕವಾಗಿದ್ದವರಿಗೆ ಬಾತಿನಿಂದ ಉಪಯೋಗವಿದೆ. ಚೊಕ್ಕವಿಲ್ಲದವರಿಗೆ ಅದು ಇನ್ನೊಂದು ಗಲೀಜು.

ಹೊಸದಾಗಿ ಸಾಕುವವರು ಮೂರು ಕಡೆ ಎಡವುತ್ತಾರೆ. ನಾನೂ ಎಡವಿದ್ದೇನೆ.

ಮೊದಲನೆಯದು ರಾತ್ರಿ. ಮೊದಲ ಸಲ ಮೂರು ಬಾತು ತಂದಾಗ, ದೊಡ್ಡ ಹಕ್ಕಿ, ಉಗುರಿದೆ, ತನ್ನನ್ನು ತಾನು ಕಾಯ್ದುಕೊಳ್ಳುತ್ತದೆ ಎಂದುಕೊಂಡೆ. ಹಟ್ಟಿಯ ಮೂಲೆಯಲ್ಲಿ ಮಲಗುತ್ತಿದ್ದವು. ಹದಿನೈದು ದಿನ ಏನೂ ಆಗಲಿಲ್ಲ. ಹದಿನಾರನೆಯ ಬೆಳಿಗ್ಗೆ ಬೈಹುಲ್ಲಿನ ಮೇಲೆ ಬರೀ ಗರಿ. ಕಾಡುಬೆಕ್ಕೋ ನಾಯಿಯೋ ಗೊತ್ತಾಗಲಿಲ್ಲ. ತಪ್ಪು ನನ್ನದೇ. ಬಾಗಿಲು ಹಾಕಬಹುದಾದ, ಮುಂಗುಸಿ ತೂರದಷ್ಟು ಸಣ್ಣ ಕಣ್ಣಿನ ಜಾಲರಿ ಹೊಡೆದ ಗೂಡು ಬೇಕು. ಒಂದು ಹಕ್ಕಿಗೆ ನಾಲ್ಕು ಚದರ ಅಡಿಯಾದರೂ ಇರಲಿ. ಕೆಳಗೆ ಉಮಿ ಅಥವಾ ಒಣ ತರಗೆಲೆ ಹಾಕಿ, ಒದ್ದೆಯಾದಾಗ ಬದಲಿಸಿ. ಸಂಜೆ ಹಾಲು ಕರೆಯುವ ಹೊತ್ತಿಗೆ ಒಂದು ಹಿಡಿ ಕಾಳು ತೋರಿಸಿದರೆ ವಾರದಲ್ಲಿ ತಾವಾಗಿಯೇ ಒಳಗೆ ಹೋಗಲು ಕಲಿಯುತ್ತವೆ.

ಎರಡನೆಯದು ನೀರು. ಬಿಟ್ಟರೆ ಬಾತು ನೇರ ಹಸುವಿನ ನೀರಿನ ತೊಟ್ಟಿಗೆ ಇಳಿಯುತ್ತದೆ. ಅದರಲ್ಲೇ ಸ್ನಾನ, ಅದರಲ್ಲೇ ಹಿಕ್ಕೆ. ಆ ನೀರನ್ನು ಹಸು ಕುಡಿಯಬಾರದು. 2024ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಾಸ್, ಕಾನ್ಸಾಸ್ ರಾಜ್ಯಗಳ ಹಾಲು ಕೊಡುವ ಹಸುಗಳಲ್ಲೇ ಹಕ್ಕಿಜ್ವರದ ವೈರಸ್ ಪತ್ತೆಯಾಯಿತು. ಕೋಳಿಯ ರೋಗ ಕೋಳಿಗೆ, ದನದ ರೋಗ ದನಕ್ಕೆ ಎಂಬ ನಮ್ಮ ಹಳೆಯ ಧೈರ್ಯ ಇನ್ನು ನಡೆಯುವುದಿಲ್ಲ. ಬಾತು ಇಂಥ ವೈರಸ್ ಹೊತ್ತಿದ್ದರೂ ಹೊರಗೆ ಲಕ್ಷಣ ಕಾಣದೇ ಇರಬಹುದು. ಹೆದರಬೇಕಾಗಿಲ್ಲ, ದೂರ ಇಡಬೇಕು. ಹಸುವಿನ ತೊಟ್ಟಿಗೆ ಜಾಲರಿ ಮುಚ್ಚಿ. ಬಾತಿನ ಟಬ್ಬನ್ನು ಹಟ್ಟಿಯಿಂದ ಆಚೆ, ತೋಟದ ಕಡೆಗಿಟ್ಟು, ಅದರ ನೀರನ್ನು ದಿನಾ ಬಾಳೆಯ ಬುಡಕ್ಕೆ ಚೆಲ್ಲಿ. ಹಾಲು ಕರೆಯುವ ಹೊತ್ತಿನಲ್ಲಿ ಬಾತು ಹಟ್ಟಿಯೊಳಗೆ ಇರಲೇಬಾರದು. ಉಣ್ಣೆಗೆ ಔಷಧ ಹೊಡೆದ ದಿನ ಅವನ್ನು ಹೊರಗೆ ಬಿಡಬೇಡಿ. ನೆಲದಲ್ಲಿ ನಿಂತ ಔಷಧದ ನೀರು ಕುಡಿದುಬಿಡುತ್ತವೆ.

ಮೂರನೆಯದು ಆಹಾರ. ಇದನ್ನು ದಯವಿಟ್ಟು ಗಮನವಿಟ್ಟು ಓದಿ.

ಎರಡನೇ ಸಲ ನನ್ನ ಬಾತು ಕಾವು ಕೂತು ಒಂಬತ್ತು ಮರಿ ಮಾಡಿತು. ಇದರ ಮೊಟ್ಟೆ ಒಡೆಯಲು 35 ದಿನ ಬೇಕು, ಬೇರೆ ಬಾತಿಗಿಂತ ಒಂದು ವಾರ ಹೆಚ್ಚು. ಅಷ್ಟು ಕಾದು ಪಡೆದ ಮರಿಗಳು. ಮಳೆಗಾಲ. ಹಸುವಿಗೆಂದು ತಂದಿಟ್ಟ ನೆಲಗಡಲೆ ಹಿಂಡಿಯನ್ನೇ ನೆನೆಸಿ ಅವಕ್ಕೂ ಕೊಟ್ಟೆ. ಚೀಲದ ಅಂಚಿನಲ್ಲಿ ಸ್ವಲ್ಪ ಬೂಷ್ಟು ಇತ್ತು, ಕೆರೆದು ತೆಗೆದಿದ್ದೆ. ಒಂದೇ ವಾರದಲ್ಲಿ ಏಳು ಮರಿ ಸತ್ತವು. ಸತ್ತ ಮರಿಯನ್ನು ಪಶುವೈದ್ಯರ ಹತ್ತಿರ ಒಯ್ದೆ. ಅವರು ಕುಯ್ದು ಲಿವರ್ ನೋಡಿ, “ಹಿಂಡಿ ತೋರಿಸಿ” ಎಂದರು. ನೋಡಿದ ಮೇಲೆ ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ: “ಇದನ್ನೇ ಹಸುವಿಗೂ ಕೊಡುತ್ತಿದ್ದೀರಾ?”

ಕೊಡುತ್ತಿದ್ದೆ. ಹಸು ಸತ್ತಿರಲಿಲ್ಲ, ಹಾಲೂ ಇಳಿದಿರಲಿಲ್ಲ. ಅದಕ್ಕೇ ನನಗೆ ಗೊತ್ತಾಗಿರಲಿಲ್ಲ.

ಬೂಷ್ಟಿನ ವಿಷದ ಹೆಸರು ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಕಾರಣ ಹುಡುಕಿದರೆ ಸಿಕ್ಕಿದ್ದು ಬೂಷ್ಟು ಹಿಡಿದ ನೆಲಗಡಲೆ ಹಿಂಡಿ. ಬಾತು ಮರಿಗಳು ಈ ವಿಷಕ್ಕೆ ಎಷ್ಟು ಬೇಗ ಬಲಿಯಾಗುತ್ತವೆಂದರೆ, ಆಗ ಆಹಾರದಲ್ಲಿ ವಿಷವಿದೆಯೇ ಎಂದು ತಿಳಿಯಲು ವಿಜ್ಞಾನಿಗಳು ಬಳಸಿದ್ದೇ ಎಳೆಯ ಬಾತು ಮರಿಗಳನ್ನು. ಹಸು ಈ ವಿಷವನ್ನು ತಡೆದುಕೊಳ್ಳುತ್ತದೆ, ಆದರೆ ಅದರ ಒಂದು ಪಾಲು ಎಂ-1 ಎಂಬ ರೂಪದಲ್ಲಿ ಹಾಲಿಗೆ ಇಳಿಯುತ್ತದೆ. ಕುದಿಸಿದರೂ ಹೋಗುವುದಿಲ್ಲ. ನಮ್ಮ ದೇಶದ ಕಾನೂನಿನ ಪ್ರಕಾರ ಒಂದು ಕಿಲೋ ಹಾಲಿನಲ್ಲಿ ಅದು 0.5 ಮೈಕ್ರೋಗ್ರಾಂ ಮೀರಬಾರದು. ಸಂಘದಲ್ಲಿ ಫ್ಯಾಟು, ಎಸ್‌ಎನ್‌ಎಫ್ ನೋಡುವ ಯಂತ್ರಕ್ಕೆ ಅದು ಕಾಣುವುದಿಲ್ಲ. ಆದರೆ ಆ ಹಾಲನ್ನು ಯಾರದೋ ಮಗು ಕುಡಿಯುತ್ತದೆ. ನಮ್ಮ ಮನೆಯ ಮೊಮ್ಮಗಳೂ ಅದನ್ನೇ ಕುಡಿದಿದ್ದಳು. ಅಂದಿನಿಂದ ನಮ್ಮಲ್ಲಿ ಹಿಂಡಿ ಚೀಲ ನೆಲಕ್ಕೆ ತಾಗುವುದಿಲ್ಲ. ಹಲಗೆಯ ಮೇಲೆ, ಗೋಡೆಯಿಂದ ದೂರ. ಮಳೆಗಾಲದಲ್ಲಿ ಹದಿನೈದು ದಿನಕ್ಕಾಗುವಷ್ಟೇ ತರುವುದು. ಬೂಷ್ಟು ಕಂಡರೆ ಕೆರೆಯುವುದಿಲ್ಲ, ಹೂಳುತ್ತೇವೆ.

ಹಿಂಡಿ ಒಳ್ಳೆಯದಿದ್ದರೂ ಹಸುವಿನ ಪಶು ಆಹಾರವನ್ನು ಬಾತಿಗೆ ಹಾಕಬೇಡಿ. ಅದರಲ್ಲಿ ಯೂರಿಯಾ ಇರಬಹುದು. ಮೆಲುಕು ಹಾಕುವ ಪ್ರಾಣಿಗೆ ಹೊಂದುವುದು ಹಕ್ಕಿಗೆ ಹೊಂದುವುದಿಲ್ಲ. ದೊಡ್ಡ ಬಾತಿಗೆ ಅನ್ನ, ತೌಡು, ಹುಲ್ಲು, ಅಜೋಲಾ ಹಾಕಿ. ಮರಿಗೆ ಮೊದಲ ವಾರಗಳಲ್ಲಿ ಕೋಳಿ ಮರಿಯ ಆಹಾರ ಕೊಡಬಹುದು, ಆದರೆ ಬಾತು ಮರಿಗೆ ನಯಾಸಿನ್ ಎಂಬ ವಿಟಮಿನ್ ಹೆಚ್ಚು ಬೇಕು. ಇಲ್ಲದಿದ್ದರೆ ಕಾಲು ಬಾಗುತ್ತದೆ. ಅದನ್ನೂ ಬಾತು ಪ್ಲೇಗಿನ ಲಸಿಕೆಯನ್ನೂ ಪಶುವೈದ್ಯರಲ್ಲಿ ಕೇಳಿ.

ಎಷ್ಟು ಸಾಕಬೇಕು? ಒಂದು ಗಂಡು, ಮೂರು ಹೆಣ್ಣು. ಅಷ್ಟು ಸಾಕು. ಎರಡು ಗಂಡು ಇದ್ದರೆ ಕಾದಾಡುತ್ತವೆ. ಹೇಂಟೆಗಳ ಜೊತೆ ಬಿಟ್ಟರೆ ಗಂಡು ಬಾತು ಅವುಗಳ ಮೇಲೇರಿ ಗಾಯ ಮಾಡುತ್ತದೆ. ಮೊಟ್ಟೆಯ ಲೆಕ್ಕ ಹಾಕಿ ಸಾಲ ಮಾಡಬೇಡಿ. ಖಾಕಿ ಕ್ಯಾಂಪ್‌ಬೆಲ್ ಬಾತು ವರ್ಷಕ್ಕೆ 250ಕ್ಕೂ ಹೆಚ್ಚು ಇಟ್ಟರೆ ಇದು ನೂರರ ಆಸುಪಾಸು, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಐವತ್ತು ಸಾಕಿ ಹಣ ಮಾಡುತ್ತೇನೆ ಎನ್ನುವವರಿಗೆ ನನ್ನ ಮಾತು ಇಷ್ಟೇ: ಆ ಹೊತ್ತನ್ನು ಒಂದು ಕರು ಚೆನ್ನಾಗಿ ಬೆಳೆಸಲು ಕೊಡಿ. ನಮ್ಮ ಅನ್ನ ಹಾಲಿನದು. ಬಾತು ಹಟ್ಟಿಗೆ ನೆರವಾಗಬೇಕು, ಹಟ್ಟಿಯ ಕೆಲಸ ತಿನ್ನಬಾರದು.

ಈ ಸಲ ಹನ್ನೊಂದು ಮರಿ ಇವೆ. ನಾಲ್ಕು ಮನೆಗೆ ಕೊಡುವುದಾಗಿ ಮಾತಾಗಿದೆ, ಇನ್ನೂ ಎರಡು ಮನೆಗೆ ಆದೀತು. ಬೇಕಾದವರು ಹಾಲು ಹಾಕಲು ಬಂದಾಗ ಹೇಳಿ. ದುಡ್ಡು ಬೇಡ. ಗೂಡು ಆಗಿದೆಯಾ, ತೊಟ್ಟಿಗೆ ಜಾಲರಿ ಬಿದ್ದಿದೆಯಾ, ಹಿಂಡಿ ಚೀಲ ಎಲ್ಲಿಟ್ಟಿದ್ದೀರಿ, ಇಷ್ಟನ್ನು ನಾನೇ ಬಂದು ನೋಡುತ್ತೇನೆ. ಒಂದು ಲೋಟ ಮಜ್ಜಿಗೆ ಕೊಟ್ಟರೆ ಸಾಕು.