ಬ್ಯಾಟರಿಯ ಒಡಲು, ಮಾರ್ಗದರ್ಶಕರ ಹೊಣೆ

ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವಿನ 2000 ಮೆಗಾವ್ಯಾಟ್ ಭೂಗತ ವಿದ್ಯುತ್ ಯೋಜನೆಯನ್ನು ಪ್ರಶ್ನಿಸಿದಾಗಲೆಲ್ಲ ಎದುರಾಗುವ ಮರುಪ್ರಶ್ನೆ ಒಂದೇ: ಹಗಲಿನ ಸೌರವಿದ್ಯುತ್ತನ್ನು ರಾತ್ರಿಗೆ ಎಲ್ಲಿ ಕೂಡಿಡುತ್ತೀರಿ? ಬ್ಯಾಟರಿಯಲ್ಲಿ ಎಂದುಬಿಡುವುದು ಸುಲಭ. ಹಾಗೆನ್ನುವವರು ಬ್ಯಾಟರಿಯ ಒಡಲಲ್ಲಿ ಏನಿದೆಯೆಂದೂ ಅರಿತಿರಬೇಕಲ್ಲವೆ?

ಇಂದಿನ ಲಿಥಿಯಂ ಅಯಾನ್ ಬ್ಯಾಟರಿಯ ಇಲೆಕ್ಟ್ರೋಲೈಟ್ ಸಾಮಾನ್ಯವಾಗಿ ಬೆಂಕಿ ಹಿಡಿಯಬಲ್ಲ ಕಾರ್ಬೊನೇಟ್ ದ್ರಾವಕ. ಅದರಲ್ಲಿ ಕರಗಿರುವುದು ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ಎಂಬ ಲವಣ. ತೇವ ತಗುಲಿದರೆ ಇದು ಹೈಡ್ರೋಜನ್ ಫ್ಲೋರೈಡ್ ಎಂಬ ಉಗ್ರ ವಿಷವನ್ನು ಹೊರಬಿಡುತ್ತದೆ. ಘನ ಪಾಲಿಮರನ್ನೇ ಇಲೆಕ್ಟ್ರೋಲೈಟಾಗಿಸುವ ದಾರಿಯನ್ನು ಪೀಟರ್ ರೈಟ್, ಮಿಷೆಲ್ ಅರ್ಮಾನ್ ಮೊದಲಾದವರು 1970ರ ದಶಕದಲ್ಲಿಯೇ ತೋರಿಸಿದ್ದರು. ಅದೇ ಜಾಡಿನಲ್ಲಿ ನಮ್ಮ ವಿಶ್ವವಿದ್ಯಾಲಯಗಳಲ್ಲೂ ಪಿಷ್ಟ, ಪೆಕ್ಟಿನ್, ಕೈಟೋಸಾನ್, ಸೆಲ್ಯುಲೋಸ್‌ಗಳ ಪೊರೆಗಳ ಮೇಲೆ ಪಿಎಚ್.ಡಿ. ಸಂಶೋಧನೆಗಳು ನಡೆದಿವೆ. ಕೃಷಿಯ ಉಳಿಕೆಗೆ ಇಂಥ ಗೌರವ ದೊರೆಯುವುದಾದರೆ ಕೃಷಿವಿಜ್ಞಾನಿಗಳಾದ ನಮಗೆ ಸಂತಸವೇ.

ಆದರೆ ಪಿಷ್ಟಕ್ಕೂ ನೀರಿಗೂ ಬಿಡದ ನಂಟು. ಆಷಾಢದಲ್ಲಿ ಡಬ್ಬಿಯ ಮುಚ್ಚಳ ಸಡಿಲಿಸಿಟ್ಟು ಹಲಸಿನ ಹಪ್ಪಳವನ್ನು ಕೆಡಿಸಿಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಪೊರೆ ಗಾಳಿಯ ತೇವವನ್ನು ಹೀರಿದೊಡನೆ ಅಯಾನುಗಳ ಚಲನೆ ಸರಾಗವಾಗುತ್ತದೆ, ಅಳತೆಯಲ್ಲಿ ವಾಹಕತೆ ಏರುತ್ತದೆ. ಸಂಶೋಧನಾರ್ಥಿ ಹೊಸ ವಸ್ತು ದೊರೆಯಿತೆಂದು ಹಿಗ್ಗುತ್ತಾನೆ. ಕೆಲಸ ಮಾಡಿದ್ದು ನೀರು. ಲಿಥಿಯಂ ಲೋಹದ ಎದುರು ಅದೇ ನೀರು ಬ್ಯಾಟರಿಯನ್ನು ಕೆಡಿಸುತ್ತದೆ.

ಮಾರ್ಗದರ್ಶಕರು ಇರುವುದು ಇಲ್ಲಿಗಾಗಿಯೇ. ಪೊರೆಯನ್ನು ನಿರ್ವಾತದಲ್ಲಿ ಒಣಗಿಸಿದಿರಾ? ಆರ್ಗಾನ್ ತುಂಬಿದ ಪೆಟ್ಟಿಗೆಯೊಳಗೆ ಅಳೆದಿರಾ? ಹರಿದ ವಿದ್ಯುತ್ತಿನಲ್ಲಿ ಲಿಥಿಯಂ ಅಯಾನಿನ ಪಾಲೆಷ್ಟು? (ಇದನ್ನು ಅಳೆಯುವ ಬ್ರೂಸ್–ವಿನ್ಸೆಂಟ್ ವಿಧಾನ 1987ರಿಂದಲೂ ಲಭ್ಯವಿದೆ.) ನೂರಾರು ಬಾರಿ ತುಂಬಿ ಬರಿದು ಮಾಡಿದ ಮೇಲೆ ಉಳಿದದ್ದೇನು? ಒಣ ಪಾಲಿಎಥಿಲೀನ್ ಆಕ್ಸೈಡ್ ಸಹ ಕೊಠಡಿಯ ತಾಪದಲ್ಲಿ ದ್ರವದ ವಾಹಕತೆಯ ಸಾವಿರದಲ್ಲೊಂದು ಪಾಲನ್ನು ಮುಟ್ಟುವುದು ಕಷ್ಟ. ಅದನ್ನು 60 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಕಾಯಿಸಬೇಕು. ಹೀಗಿರುವಾಗ ಪಿಷ್ಟದ ಪೊರೆಯೊಂದು ದ್ರವಕ್ಕೆ ಸರಿಸಾಟಿಯೆಂದರೆ ಗುರುವಾದವರು ಮೊದಲು ಶಂಕಿಸಬೇಕು.

ಯುಜಿಸಿಯ 2022ರ ನಿಯಮಗಳು ಮಹಾಪ್ರಬಂಧಕ್ಕೆ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಕೈಬಿಟ್ಟವು. ಪ್ರಾಧ್ಯಾಪಕರೊಬ್ಬರು ಏಕಕಾಲದಲ್ಲಿ ಎಂಟು ಮಂದಿಗೆ ಮಾರ್ಗದರ್ಶನ ಮಾಡಬಹುದೆಂಬ ಮಿತಿಯೂ ಅವುಗಳಲ್ಲಿದೆ; ನಮಗೆ ಎಂಟೂ ಹೆಚ್ಚೆನಿಸುತ್ತದೆ. ಕಡ್ಡಾಯ ಹೋದದ್ದು ಒಳಿತಾಯಿತು. ಒಣಗಿಸಿದಾಗ ವಾಹಕತೆ ಕುಸಿಯಿತೆಂದು ಕಾರಣಸಹಿತ ಬರೆದ ಮಹಾಪ್ರಬಂಧಕ್ಕೂ ಪದವಿ ಸಲ್ಲಬೇಕು, ಮತ್ತು ಆ ಅಂಕಿಗಳು ಕಪಾಟು ಸೇರದೆ ಶರಾವತಿಯಂಥ ಕಣಿವೆಗಳ ಭವಿಷ್ಯವನ್ನು ಚರ್ಚಿಸುವವರ ಕೈಗೂ ಸಿಗಬೇಕು.