ಕಡಿವಾಣ ಯಾರಿಗೆ?

ನನ್ನ ತಂದೆಯವರು ನಿಪ್ಪಾಣಿಯಲ್ಲಿ ಲಾರಿ ಚಾಲಕರು. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಅದರ ಖರ್ಚೆಲ್ಲ ಅವರ ದುಡಿಮೆಯದು. ಆದುದರಿಂದ ಈ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯೆಂದು ಹೇಳಿಕೊಳ್ಳಲಾರೆ.

2015ರ ಅಕ್ಟೋಬರ 1ರಿಂದ ತಯಾರಾದ ಲಾರಿ, ಬಸ್ಸುಗಳಿಗೆ ಗಂಟೆಗೆ 80 ಕಿಲೋಮೀಟರು ಮೀರದಂತೆ ವೇಗನಿಯಂತ್ರಕ ಕಡ್ಡಾಯವಾಗಿದೆ. ಟ್ಯಾಂಕರು, ಡಂಪರುಗಳಿಗೆ 60. ಮಿತಿ ಮುಟ್ಟಿದೊಡನೆ ಎಂಜಿನ್ನಿಗೆ ಇಂಧನ ತಗ್ಗುತ್ತದೆ. "ಮುಂದಿನ ಗಾಡಿ ದಾಟೂಮುಂದ ನಡುವ ದಮ್ಮ ಹೋಗತೈತಿ" ಎಂದು ತಂದೆಯವರು ದೂರುತ್ತಾರೆ. ಅಥಣಿ, ಕಾಗವಾಡದ ಹಾದಿಯಲ್ಲಿ ಜೋಡು ಟ್ರಾಲಿ ಕಬ್ಬೆಳೆಯುವ ಟ್ರ್ಯಾಕ್ಟರು ದಾಟಲು 80 ಸಾಲದೆ ಎಂದು ಕೇಳಿದೆ. ನಕ್ಕು ಸುಮ್ಮನಾದರು.

ಆದರೆ ಅವರ ಇನ್ನೊಂದು ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಖಾಸಗಿ ಕಾರಿಗೆ ಈ ಕಡಿವಾಣವಿಲ್ಲ. 2019ರ ಜುಲೈಯಿಂದ ತಯಾರಾದವು 80 ದಾಟಿದರೆ ಬರೇ ಕೂಗುತ್ತವೆ. ಯುರೋಪಿನಲ್ಲಿ 2024ರಿಂದ ಹೊಸ ಕಾರುಗಳಿಗೂ ವೇಗಸಹಾಯಕ ಯಂತ್ರ ಬಂದಿದೆ, ಅದನ್ನೂ ಚಾಲಕನು ಮೀರಬಹುದಂತೆ! ಅತ್ತ ತಂದೆಯವರು ಗಂಟೆ ತಡವಾದರೆ ಭತ್ತೆ ಕಡಿತ.

ನಿಯಂತ್ರಕವಿರಲಿ, ಕಾರಿಗೂ ಬರಲಿ. ಮಾಲು ಮುಟ್ಟಿಸುವ ವೇಳೆಯನ್ನೂ ಅದೇ ವೇಗಕ್ಕೆ ಲೆಕ್ಕಹಾಕಲಿ. ಇದನ್ನು ಓದಿ ತೋರಿಸಿದಾಗ ತಂದೆಯವರೆಂದರು: "ಇದನ್ನ ಮಾಲಕಗ ಬರದ ಕೊಡಪಾ."