ಜಂಬ ಯಾರದು?



ನಾನು ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಅಷ್ಟು ವರ್ಷವೂ ಒಂದು ಪದದ ಅರ್ಥವನ್ನು ಅರ್ಧ ಮಾತ್ರ ಹೇಳಿದೆ ಎಂದು ಈಗ ಅನ್ನಿಸುತ್ತಿದೆ. ಆ ಪದ 'ಜಂಬ'. ಗರ್ವ, ಬಡಾಯಿ, ಒಣಪ್ರತಿಷ್ಠೆ ಎಂದು ಅರ್ಥ ಬರೆಸುತ್ತಿದ್ದೆ. ಈ ಅರ್ಥದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಭೇದವಿರುವುದು ಬಳಕೆಯಲ್ಲಿ.

ಮದುವೆ ಛತ್ರದಲ್ಲಿ ನೋಡಿ. "ನಮ್ಮ ಹುಡುಗನಿಗೆ ಕಾರು ಕೊಟ್ಟರು, ಹುಡುಗಿಗೆ ಅರ್ಧ ಕಿಲೋ ಚಿನ್ನ ಹಾಕಿದರು" ಎಂದು ಗಂಡಿನ ಕಡೆಯವರು ನಾಲ್ಕು ಜನರ ಮುಂದೆ ಕೊಚ್ಚಿಕೊಳ್ಳುತ್ತಾರೆ. ಹೆಣ್ಣಿನ ತಂದೆ ಹೊಲ ಅಡವಿಟ್ಟು ತಂದದ್ದು ಇವರ ಹಿರಿಮೆಯಾಗುತ್ತದೆ! ಇದಕ್ಕೆ ಸಮಾಜ ಇಟ್ಟ ಹೆಸರು ಜಂಬವಲ್ಲ, 'ಅಂತಸ್ತು'. ಅದೇ ಮನೆಯ ಸೊಸೆ ರಾತ್ರಿಯೆಲ್ಲ ಹೊಲಿಗೆ ಹಾಕಿ, "ಈ ಮಿಕ್ಸಿ ನನ್ನ ದುಡ್ಡಿನದು" ಎಂದರೆ ಸಾಕು, ಅವಳು 'ಜಂಬದ ಕೋಳಿ'. ಈ ಬೈಗುಳವನ್ನು ನಾನು ಕೇಳಿದ್ದೆಲ್ಲ ಹೆಂಗಸರ ಮೇಲೆಯೇ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದು ಎಂದುಕೊಂಡ ಕತೆಯಲ್ಲೂ ಜಂಬಕ್ಕೆ ಸಿಕ್ಕವಳು ಒಬ್ಬ ಮುದುಕಿಯೇ.

ನನ್ನದೇ ಹೇಳುತ್ತೇನೆ. ಮೊದಲ ಸಂಬಳ ತಂದ ದಿನ ಸಂತೋಷದಿಂದ ಎಲ್ಲರ ಮುಂದೆ ನೋಟು ಎಣಿಸಿದೆ. "ಸಂಬಳದ ಜಂಬ ಹೊಸಿಲ ಆಚೆ ಇಟ್ಟು ಬಾ" ಎಂದರು. ಅಂದಿನಿಂದ ಕವರು ಒಡೆಯದೆ ಕೊಡುವುದನ್ನು ಕಲಿತೆ. ದುಡ್ಡು ಎಲ್ಲಿ ಹೋಯಿತೆಂದು ಕೇಳುವುದನ್ನೂ ಬಿಟ್ಟೆ. ಮುಂದೆ ಕೆನ್ನೆಗೆ ಏಟು ಬಿದ್ದಾಗ, ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದ ನಾನು ಒಡಹುಟ್ಟಿದ ತಂಗಿಗೂ "ಬಾಗಿಲು ತಗುಲಿತು" ಎಂದೆ. ದುಡಿದದ್ದನ್ನು ಹೇಳಿಕೊಳ್ಳಬಾರದೆಂದು ಕಲಿತ ಬಾಯಿಗೆ ನೋವನ್ನು ಹೇಳಿಕೊಳ್ಳುವುದೂ ಬರಲಿಲ್ಲ. ಈ ಪದದ ಕೆಲಸವೇ ಅದು!

ಈಗ ಕಾನೂನು ಏನು ಹೇಳುತ್ತದೆ ಕೇಳಿ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಗೆ ಹೊಡೆತ ಮಾತ್ರ ಹಿಂಸೆಯಲ್ಲ. ಗೇಲಿ, ಅವಮಾನ, ಹೆಸರಿಟ್ಟು ಹೀಯಾಳಿಸುವುದು, ಸ್ತ್ರೀಧನ ಕೈಗೆ ಸಿಗದಂತೆ ಮಾಡುವುದು, ಎಲ್ಲವೂ ಹಿಂಸೆಯೇ. ವರದಕ್ಷಿಣೆ ಕೊಡುವುದು, ತೆಗೆದುಕೊಳ್ಳುವುದು, ಕೇಳುವುದು 1961ರ ಕಾಯ್ದೆಯ ಪ್ರಕಾರ ಅಪರಾಧ. ಅಂದಮೇಲೆ ವರದಕ್ಷಿಣೆ ತಂದೆವೆಂದು ಛತ್ರದಲ್ಲಿ ಕೊಚ್ಚಿಕೊಂಡದ್ದು ಅಪರಾಧದ ಒಪ್ಪಿಗೆಯಲ್ಲವೇ? ಮದುವೆಯ ಉಡುಗೊರೆಗಳ ಪಟ್ಟಿ ಬರೆದು, ಬೆಲೆ ಮತ್ತು ಕೊಟ್ಟವರ ಹೆಸರು ಸೇರಿಸಿ, ವಧೂವರರು ಸಹಿ ಹಾಕಬೇಕೆಂದು 1985ರ ನಿಯಮಗಳಿವೆ. ವಧುವಿಗೆ ಬಂದದ್ದರ ಪಟ್ಟಿ ವಧುವಿನ ಬಳಿಯೇ ಇರಬೇಕು. ಆ ಪಟ್ಟಿ ಕೇಳಿದ ಹುಡುಗಿಯನ್ನೂ ಜಂಬಗಾತಿ ಎನ್ನುತ್ತಾರೆ. ಅನ್ನಲಿ. ಪಟ್ಟಿ ಬಿಡಬೇಡಿ.

ವಾರದ ಸಭೆಯಲ್ಲಿ ಉಳಿತಾಯ ಎಷ್ಟು, ಸಾಲ ಎಷ್ಟು ತೀರಿತು ಎಂದು ನೀವು ಗಟ್ಟಿಯಾಗಿ ಓದುತ್ತೀರಿ. ಅದನ್ನು ಯಾರೂ ಜಂಬ ಎನ್ನುವುದಿಲ್ಲ, ಲೆಕ್ಕ ಎನ್ನುತ್ತಾರೆ. ಪರರ ದುಡ್ಡನ್ನು ತನ್ನ ದೊಡ್ಡಸ್ತಿಕೆ ಎನ್ನುವುದು ಜಂಬ. ತನ್ನ ದುಡಿಮೆಯನ್ನು ತನ್ನದು ಎನ್ನುವುದು ಲೆಕ್ಕ.

ಮುಂದಿನ ಸಭೆಯಲ್ಲಿ ಪಾಸ್‌ಬುಕ್ ಓದಿ ಮುಗಿದ ಮೇಲೆ ಹತ್ತು ನಿಮಿಷ ಹೆಚ್ಚು ಕೂತುಕೊಳ್ಳಿ. ಪ್ರತಿಯೊಬ್ಬಳೂ ಈ ವಾರ ತಾನು ದುಡಿದದ್ದನ್ನು ಹೇಳಲಿ. ಏಟು ತಿಂದವಳು ಅದನ್ನೂ ಹೇಳಲಿ. ಮನೆಯಲ್ಲಿ ಬಾಯಿಬಿಡಲು ಭಯವಿದ್ದರೆ ಮೊದಲು ಇಲ್ಲಿ ಹೇಳಿ, 181ಕ್ಕೆ ಫೋನು ಮಾಡಿ. ನಾನು ಹೇಳಲು ಬಹಳ ತಡಮಾಡಿದೆ. ನೀವು ಮಾಡಬೇಡಿ.